ಅಂಗೈ ಗುರುತಿಲ್ಲದ ಕುರ್ಚಿ

ಹಳೆಯ ಕುರ್ಚಿ ಕೊಳ್ಳುವಾಗ ಎಲ್ಲರೂ ಕಾಲಿನ ಕೆತ್ತನೆ ನೋಡುತ್ತಾರೆ, ಬೆನ್ನಿನ ಮೇಲಿನ ಬಳ್ಳಿ ಹೂವು ನೋಡುತ್ತಾರೆ. ನಾನು ಮೊದಲು ಅದರ ಕೈಗಳನ್ನು ನೋಡುತ್ತೇನೆ. ಅಂಗೈ ಊರಿ ಏಳುತ್ತೇವಲ್ಲ, ಆ ತುದಿಯಲ್ಲಿ ಮರ ಕಪ್ಪಾಗಿ ಹೊಳೆಯುತ್ತಿರಬೇಕು. ಅದು ಪಾಲಿಶ್ ಅಲ್ಲ. ವರ್ಷಗಟ್ಟಲೆ ಇಳಿದ ಬೆವರು, ತಲೆಗೆ ಹಚ್ಚಿದ ಎಣ್ಣೆ, ಎಲೆ ಅಡಿಕೆ ಮುಟ್ಟಿದ ಬೆರಳು. ಅಂಗಡಿಯವನು ಬೇರೆ ಏನು ಬೇಕಾದರೂ ಬಳಿದಾನು, ಆ ಕಪ್ಪನ್ನು ಬಳಿಯಲಾರ. ಆಮೇಲೆ ಕುರ್ಚಿಯನ್ನು ಮಗುಚಿ ಅಡಿಯನ್ನು ನೋಡಬೇಕು. ಮೇಲ್ಭಾಗ ಮುಚ್ಚಿಟ್ಟದ್ದನ್ನು ಅಡಿಭಾಗ ಹೇಳುತ್ತದೆ. ಕೊನೆಗೆ, ಕೂತು ನೋಡಬೇಕು.

ಇದನ್ನು ನನಗೆ ಯಾರೂ ಕಲಿಸಲಿಲ್ಲ. ಒಂದು ಸಲ ಎಲ್ಲವನ್ನೂ ನೋಡಿಯೂ ಅರ್ಥ ಮಾಡಿಕೊಳ್ಳದೆ ಹೋದದ್ದರಿಂದ ಕಲಿತೆ.

ಏಳು ವರ್ಷದವಳಿದ್ದಾಗ ಅಪ್ಪ ನನ್ನನ್ನು ಬೆಂಗಳೂರಿನ ಒಂದು ಕಾನ್ವೆಂಟಿನ ಬೋರ್ಡಿಂಗಿಗೆ ಸೇರಿಸಿದರು. ಅವರು ಕುಣಿಗಲ್ಲಿನ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರು. ತಿಂಗಳಿಗೊಂದು ಭಾನುವಾರ ವಿಸಿಟರ್ಸ್ ಡೇ. ಪಾರ್ಲರಿನಲ್ಲಿ ಬೆತ್ತ ಹೆಣೆದ ನಾಲ್ಕು ಬೀಟೆಯ ಆರ್ಮ್‌ಚೇರ್‌ಗಳಿದ್ದವು. ಮಕ್ಕಳು ಅವುಗಳಲ್ಲಿ ಕೂರುವಂತಿರಲಿಲ್ಲ. ಅಪ್ಪ ಕರಿ ಕೋಟು ಹಾಕಿಕೊಂಡು, ಕೊಬ್ಬರಿ ಮಿಠಾಯಿಯ ಪೊಟ್ಟಣ ಹಿಡಿದುಕೊಂಡು ಬರುತ್ತಿದ್ದರು. ಸಿಸ್ಟರ್ ‘ಸಿಟ್ ಡೌನ್, ಪ್ಲೀಸ್’ ಅಂದ ಮೇಲೆ ಕುರ್ಚಿಯ ತುದಿಯಲ್ಲಿ ಕೂತು, ಎರಡೂ ಅಂಗೈಗಳನ್ನು ಅದರ ಕೈಗಳ ಮೇಲೆ ಊರುತ್ತಿದ್ದರು. ಅವರು ಹೊರಟುಹೋದ ಮೇಲೆ ನಾನು ಯಾರೂ ಕಾಣದಂತೆ ಆ ಜಾಗವನ್ನು ಮುಟ್ಟಿ ನೋಡುತ್ತಿದ್ದೆ. ಇನ್ನೂ ಬೆಚ್ಚಗಿರುತ್ತಿತ್ತು. ಹಳೆಯ ಕುರ್ಚಿಗಳ ಹುಚ್ಚು ನನಗೆ ಹಿಡಿದದ್ದು ಅಲ್ಲಿ. ಆಂಟೀಕ್, ವಿಂಟೇಜ್ ಅನ್ನುವ ಮಾತೆಲ್ಲ ಆಮೇಲೆ ಮ್ಯಾಗಜೀನುಗಳಲ್ಲಿ ಓದಿದ್ದು.

ಮದುವೆಯಾಗಿ ತುಮಕೂರಿಗೆ ಬಂದೆ. ನನ್ನವರು ಕಾಲೇಜಿನಲ್ಲಿ ಲೆಕ್ಚರರ್. ಎಪ್ಪತ್ತರ ದಶಕ ಅದು. ಊರಲ್ಲೆಲ್ಲ ಹಳೆಯ ಮರದ ಕುರ್ಚಿಗಳನ್ನು ಕೊಟ್ಟುಬಿಟ್ಟು ಸ್ಟೀಲಿನ ಫೋಲ್ಡಿಂಗ್ ಕುರ್ಚಿ, ನೈಲಾನ್ ವೈರಿನ ಕುರ್ಚಿ, ರೆಕ್ಸಿನ್ ಸೋಫಾ ತರುತ್ತಿದ್ದ ಕಾಲ. ಊರವರು ಬೇಡವೆಂದದ್ದನ್ನು ನಾನು ಮನೆಗೆ ತರುತ್ತಿದ್ದೆ. ನನ್ನವರು ನಗುತ್ತಿದ್ದರು. “ಕೂರೋರು ಇಬ್ಬರು, ಕುರ್ಚಿ ಒಂಬತ್ತು. ಮಿಕ್ಕಿದ್ದು ಯಾರಿಗೆ ಕಾಯ್ತಿದೆಯೇ?”

ಅಮ್ಮ ತೀರಿಹೋದ ಮೇಲೆ ಅಪ್ಪ ಕುಣಿಗಲ್ ಬಿಟ್ಟು ನಮ್ಮಲ್ಲಿಗೆ ಬಂದರು. ಬರುವಾಗಲೇ ಅವರಿಗೆ ಉಬ್ಬಸ ಹೆಚ್ಚಾಗಿತ್ತು, ಹಾರ್ಟ್ ಕೂಡ ದುರ್ಬಲ. ಮಲಗಿದರೆ ಉಸಿರು ಕಟ್ಟುತ್ತಿತ್ತು. ‘ನೀರೊಳಗೆ ಮುಳುಗಿಸಿದ ಹಾಗಾಗುತ್ತೆ ಕಣಮ್ಮ’ ಅನ್ನುತ್ತಿದ್ದರು. ಡಾಕ್ಟರು, ‘ಕೂತೇ ನಿದ್ದೆ ಮಾಡಲಿ, ಬೆನ್ನು ನೆಟ್ಟಗಿರಲಿ’ ಅಂದರು. ಹೇಳುವುದು ಸುಲಭ. ಕೂತು ನಿದ್ದೆ ಮಾಡುವವನ ಮೈ ಯಾವ ಕಡೆಗಾದರೂ ಜಾರುತ್ತದೆ. ಕ್ಯಾನ್ವಾಸಿನ ಈಸಿ ಚೇರಿನಲ್ಲಿ ಹೊಟ್ಟೆ ಮಡಚಿ ಉಸಿರು ಇನ್ನಷ್ಟು ಕಟ್ಟಿತು. ವೈರಿನ ಕುರ್ಚಿ ತೊಡೆಯ ಮೇಲೆ ಬರೆ ಎಳೆಯಿತು. ನನ್ನ ಒಂಬತ್ತು ಕುರ್ಚಿಗಳಲ್ಲಿ ಒಂದಕ್ಕೂ ಅವರನ್ನು ಹಿಡಿದುಕೊಳ್ಳಲು ಬರಲಿಲ್ಲ. ಒಂದು ದಿನ ಮುಂದಕ್ಕೆ ಬಾಗಿ ನೆಲಕ್ಕೆ ಬಿದ್ದು ಹುಬ್ಬು ಒಡೆದುಕೊಂಡರು. ನಿದ್ದೆಯಿಲ್ಲದ ಅವರ ಕಣ್ಣು ದಿನದಿಂದ ದಿನಕ್ಕೆ ಒಳಗೆ ಹೋಗುತ್ತಿತ್ತು. ಹೀಗೇ ಬಿಟ್ಟರೆ ಹೆಚ್ಚು ದಿನ ಉಳಿಯುವುದಿಲ್ಲ ಅಂತ ಡಾಕ್ಟರು ನನ್ನವರ ಹತ್ತಿರ ಹೇಳಿದರಂತೆ.

ಆಗ ಹೊರಟೆ ನೋಡಿ, ಕುರ್ಚಿ ಹುಡುಕಿಕೊಂಡು. ತುಮಕೂರಿನ ಹಳೆ ಸಾಮಾನಿನ ಅಂಗಡಿಗಳು ಮುಗಿದವು. ಕುಣಿಗಲ್ಲಿನಲ್ಲಿ ಅಪ್ಪನಿಗೆ ಗೊತ್ತಿದ್ದ ಮನೆಗಳೂ ಮುಗಿದವು. ಕೊನೆಗೆ ಯಾರೋ ಗುಬ್ಬಿಯ ಒಂದು ಮನೆ ಹೇಳಿದರು. ಹೊಸದಾಗಿ ಮದುವೆಯಾದ ಗಂಡು ಅಟ್ಟ ಖಾಲಿ ಮಾಡುತ್ತಿದ್ದಾನೆ, ಸೋಫಾ ತರುತ್ತಾನೆ ಅಂತ.

ಲಿಂಗಾಯತರ ಹಳೆಯ ದೊಡ್ಡ ಮನೆ. ಆತ ಕುರ್ಚಿಯನ್ನು ಆಗಲೇ ಹಜಾರಕ್ಕೆ ಇಳಿಸಿಟ್ಟಿದ್ದ. ತೇಗದ ಕುರ್ಚಿ, ತಲೆಗಿಂತ ಎತ್ತರದ ನೆಟ್ಟನೆಯ ಬೆನ್ನು, ಚಕ್ಕಳ ಮಕ್ಕಳ ಹಾಕಿ ಕೂರುವಷ್ಟು ಅಗಲದ ಆಸನ. ಬೆನ್ನಿನ ಎರಡು ಪಕ್ಕದಲ್ಲಿ ಎದೆಯ ಎತ್ತರಕ್ಕೆ ಒಂದೊಂದು ಹಿತ್ತಾಳೆಯ ಬಳೆ.

“ಇದು ಯಾತಕ್ಕೆ?” ಅಂತ ಬಳೆ ಮುಟ್ಟಿ ಕೇಳಿದೆ.

“ಏನೋ ಮೇಡಂ. ಹಳೇ ಕಾಲದ್ದು,” ಅಂದ. ನನ್ನ ಮುಖ ನೋಡಲಿಲ್ಲ.

“ನಿಮ್ಮನೇಲಿ ಯಾರು ಕೂರ್ತಿದ್ರು?”

“ಯಾರೂ ಕೂರಲ್ಲ. ನಮ್ಮಜ್ಜಿ ಕೂರಕ್ಕೆ ಬಿಡಲ್ಲ. ಚಿಕ್ಕೋನಿದ್ದಾಗ ಒಂದ್ಸಲ ಹತ್ತಿದ್ದಕ್ಕೆ ಬೆನ್ನು ಮುರಿಯಂಗೆ ಬಾರ್ಸಿತ್ತು.”

ಬಾಗಿಲ ಹಿಂದಿನಿಂದ ಅವನ ಹೆಂಡತಿಯ ದನಿ ಬಂತು. “ಅಜ್ಜಿ ಯಡಿಯೂರಿಂದ ಬರೋದ್ರೊಳ್ಗೆ ಕಳ್ಸಿಬುಡ್ರಿ ಅತ್ಲಾಗೆ.” ಹುಡುಗಿ ಕುರ್ಚಿ ಹೊರಗೆ ಹೋಗುವವರೆಗೂ ಹಜಾರಕ್ಕೆ ಕಾಲಿಡಲಿಲ್ಲ. ನಾಚಿಕೆ ಅಂದುಕೊಂಡೆ.

ಮಗುಚಿ ನೋಡಿದೆ. ಆ ಕಾಲದ ಒಳ್ಳೆಯ ಕುರ್ಚಿಗೆ ಬೆತ್ತದ ಆಸನವಿರುತ್ತದೆ. ಇದಕ್ಕೆ ಒಂದೇ ಹಲಗೆ, ಅಡಿಯಲ್ಲೆಲ್ಲ ಪದೇಪದೇ ನೀರು ಇಳಿದ ಬಿಳಿ ಗೆರೆಗಳು. ಅಡಿ ಇಷ್ಟು ನೀರು ಕುಡಿದಿದ್ದರೂ ಕೈಗಳ ತುದಿ ಮಾತ್ರ ನಿನ್ನೆ ಬಡಗಿ ಕೊಟ್ಟ ಹಾಗಿತ್ತು. ಒಂದು ಅಂಗೈಯ ಗುರುತೂ ಇಲ್ಲ. ವಾಟ್ ಲಕ್, ಇಷ್ಟು ಹಳೆಯದು ಸವೆಯದೆ ಸಿಕ್ಕಿತಲ್ಲ ಅಂತ ಹಿಗ್ಗಿದೆ. ಎಷ್ಟು ದಡ್ಡಿ!

“ಯಾರಿಗೆ ಮೇಡಂ?” ಅಂದ ಆತ.

“ನಮ್ಮಪ್ಪನಿಗೆ. ಪಾಪ, ಕೂತೇ ನಿದ್ದೆ ಮಾಡಬೇಕು ಅವರು.”

“ಹಂಗಾದ್ರೆ ಸರಿಹೋಗುತ್ತೆ,” ಅಂದ. ಲಾರಿಗೆ ಏರಿಸುವ ಮೊದಲು ಕುರ್ಚಿಯ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಹಿರಿಯರ ವಸ್ತು, ಗೌರವ ಅಂದುಕೊಂಡೆ.

ಮನೆಗೆ ತಂದಾಗ ಅಪ್ಪ ಹಜಾರದ ಬಾಗಿಲಲ್ಲೇ ನಿಂತುಬಿಟ್ಟರು. ಬಹಳ ಹೊತ್ತು ನೋಡಿದರು. ಹತ್ತಿರ ಹೋಗಿ ಒಂದು ಬಳೆಯನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ಬಿಟ್ಟರು. ಟಣ್ ಅಂತು.

“ಎಲ್ಲಿಂದ ತಂದೆ?”

“ಗುಬ್ಬಿಯಿಂದ. ಚೆನ್ನಾಗಿಲ್ವಾಪ್ಪ?”

“ಚೆನ್ನಾಗಿದೆ,” ಅಂದರು. ಹತ್ತಿ, ಕಾಲು ಮಡಚಿ ಕೂತರು. ಬೆನ್ನು ಆನಿಸಿ, ಎರಡೂ ಅಂಗೈಗಳನ್ನು ಕುರ್ಚಿಯ ಕೈಗಳ ಮೇಲೆ ಊರಿದರು. ಕಣ್ಣು ಮುಚ್ಚಿದರು. ಆ ಮಧ್ಯಾಹ್ನ ಊಟದ ಹೊತ್ತಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಅಲ್ಲಾಡದೆ ನಿದ್ದೆ ಮಾಡಿದರು. ಅಷ್ಟು ಅಲ್ಲಾಡದೆ, ನಾನು ಮೂರು ಸಲ ಹೋಗಿ ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ.

ಮೈ ಮುಂದಕ್ಕೆ ವಾಲದಿರಲಿ ಅಂತ ಮರುದಿನ ನಾನೇ ಒಂದು ಉಪಾಯ ಮಾಡಿದೆ. ಅವರ ಹಳೆಯ ಪಂಚೆಯನ್ನು ಉದ್ದಕ್ಕೆ ಹರಿದು, ಕೆಂಪು ಅಂಚು ಇದ್ದ ಪಟ್ಟಿಯನ್ನು ಎರಡು ಬಳೆಗಳಲ್ಲಿ ತೂರಿಸಿ, ಅವರ ಎದೆಯ ಮೇಲೆ ಸುತ್ತಿ ಸಡಿಲವಾಗಿ ಗಂಟು ಹಾಕಿದೆ. ಬಟ್ಟೆ ಬಳೆಯೊಳಗೆ ಎಲ್ಲೂ ತೊಡರದೆ ಸರ್ರನೆ ಹೋಯಿತು. ಬಳೆಯ ಒಳಮೈ ನುಣ್ಣಗೆ ಸವೆದಿತ್ತು. ಎಲ್ಲೂ ಸವೆಯದ ಕುರ್ಚಿ ಅಲ್ಲಿ ಮಾತ್ರ ಯಾಕೆ ಸವೆದಿದೆ ಅಂತ ಒಂದು ಕ್ಷಣ ಅನ್ನಿಸಿತು. ಆದರೆ ಅಪ್ಪನ ಉಸಿರು ಸಲೀಸಾಗಿ ಬರುತ್ತಿತ್ತು. ಬೇರೆ ಯೋಚನೆ ಬೇಕಿರಲಿಲ್ಲ.

ಅವತ್ತಿನಿಂದ ನಮ್ಮ ಹಜಾರಕ್ಕೆ ಏನೋ ಆಯಿತು. ಬಂದವರು ತಾವಾಗಿಯೇ ದನಿ ತಗ್ಗಿಸಿ ಮಾತಾಡುತ್ತಿದ್ದರು. ನನ್ನವರ ಸ್ಟೂಡೆಂಟ್ಸ್ ಬಂದರೆ ಅಪ್ಪನ ಎದುರು ಕೂರದೆ ನಿಂತೇ ಹೋಗುತ್ತಿದ್ದರು. ಯಾಕೆ ಅಂದರೆ ಅವರಿಗೂ ಗೊತ್ತಿಲ್ಲ. ಕಿಟಕಿಯ ಬಿಸಿಲು ಬಿದ್ದು, ಬಿಳಿ ಪಟ್ಟಿಯ ಮೇಲೆ ಎತ್ತರದ ಬೆನ್ನಿಗೆ ಆನಿಕೊಂಡಿದ್ದ ಆ ಮುಖ, ಹಗಲು ಹೊತ್ತಿನಲ್ಲೂ ನನಗೆ ಅಪ್ಪನ ಮುಖದ ಹಾಗೆ ಕಾಣುತ್ತಿರಲಿಲ್ಲ. ನಮ್ಮ ಹಾಲಿನಮ್ಮ ಗುಬ್ಬಿಯಾಚೆ ಹಾಗಲವಾಡಿ ಕಡೆಯವಳು, ಯಾವಾಗಲೂ ಅಡಿಗೆಮನೆಯವರೆಗೆ ಬಂದು ಹರಟುವವಳು. ಒಂದು ಬೆಳಿಗ್ಗೆ ಹಜಾರದೊಳಗೆ ಬಂದವಳೇ ಚೊಂಬು ಕೆಳಗಿಟ್ಟು, ತಲೆಯ ಮೇಲೆ ಸೆರಗೆಳೆದುಕೊಂಡು, ಅಪ್ಪನಿಗೆ ಕೈ ಮುಗಿದು ಬಾಯಿ ಮುಚ್ಚಿ ಅಳಲು ಶುರು ಮಾಡಿದಳು.

ಅಪ್ಪ ಕಣ್ಣು ತೆರೆದರು. “ಏನಮ್ಮ?”

ಅವಳು ಕಿಟಾರನೆ ಕಿರುಚಿದಳು. “ಅಯ್ಯೋ ಶಿವನೇ! ಏನ್ರವ್ವಾ ಇದು, ಯಜಮಾನ್ರನ್ನ ಹಿಂಗ್ ಕುಂಡ್ರಿಸಿದೀರಾ?” ಆಮೇಲೆ ಹಾಲನ್ನು ಗೇಟಿನ ಹತ್ತಿರವೇ ಕೊಟ್ಟು ಹೋಗತೊಡಗಿದಳು.

ಅಪ್ಪ ಮಾತ್ರ ನಗುತ್ತಿದ್ದರು. “ಪಾಪ, ಹೆದರಿಸಿಬಿಟ್ಟೆ ಅವಳನ್ನ.”

ಎರಡು ತಿಂಗಳಲ್ಲಿ ಅಪ್ಪನ ಕೆನ್ನೆ ತುಂಬಿಕೊಂಡಿತು. ನನಗೆ ಆಸೆ ಹೆಚ್ಚಾಯಿತು. ಇಂಥ ಕುರ್ಚಿಗಳನ್ನು ಜೋಡಿ ಮಾಡಿಸುವುದುಂಟು, ಇನ್ನೊಂದು ಇದ್ದೀತು ಅಂತ ಮತ್ತೆ ಗುಬ್ಬಿಗೆ ಹೋದೆ. ಆ ಮನೆಗೆ ಬೀಗ. ಎದುರು ಮನೆಯಾಕೆ, ‘ಬತ್ತಾರೆ ಕೂತ್ಕೊಳ್ಳಿ’ ಅಂತ ಒಳಗೆ ಕರೆದು, ನೀರು ತರಲು ಹೋದಳು. ಗೋಡೆಯ ಮೇಲೆ ಸಾಲಾಗಿ ಕಪ್ಪು ಬಿಳುಪು ಫೋಟೋಗಳು. ಮೊದಲು ಕಂಡದ್ದು ಕುರ್ಚಿ. ನನ್ನ ಕುರ್ಚಿ. ಅದರಲ್ಲಿ ಒಬ್ಬ ಮೀಸೆಯ ಯಜಮಾನ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಹಾರ, ಸುತ್ತ ನಿಂತ ಮಕ್ಕಳು ಮೊಮ್ಮಕ್ಕಳು. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರು. ಆತನೊಬ್ಬನ ಕಣ್ಣು ಮುಚ್ಚಿತ್ತು. ಪಕ್ಕದ ಫೋಟೋದಲ್ಲಿ ಒಬ್ಬ ಮುದುಕಿ, ಅದೇ ಕುರ್ಚಿ. ಅದರ ಪಕ್ಕ ಒಬ್ಬ ಎಳೆಯ ಹೆಂಗಸು, ಅದೇ ಕುರ್ಚಿ. ಮೂವರ ಎದೆಯ ಮೇಲೂ ಬಿಳಿ ಬಟ್ಟೆ ಹಾದು ಎರಡು ಬಳೆಗಳೊಳಗೆ ಹೋಗಿತ್ತು. ಮೂವರ ಅಂಗೈಗಳೂ ಮಡಿಲಲ್ಲಿದ್ದವು. ಒಬ್ಬರೂ ಕುರ್ಚಿಯ ಕೈ ಮುಟ್ಟಿರಲಿಲ್ಲ.

ಲಿಂಗಾಯತರಲ್ಲಿ ಹೋದವರನ್ನು ಕೂರಿಸಿಯೇ ಪೂಜೆ ಮಾಡಿ, ಕೂರಿಸಿಯೇ ಮಣ್ಣು ಮಾಡುತ್ತಾರೆಂದು ಕೇಳಿ ಗೊತ್ತಿತ್ತು. ನೋಡಿರಲಿಲ್ಲ. ಬೋರ್ಡಿಂಗಿನಲ್ಲಿ ಬೆಳೆದವಳನ್ನು ಸಾವಿನ ಮನೆಗೆ ಯಾರು ಕರೆದುಕೊಂಡು ಹೋಗುತ್ತಾರೆ? ನನ್ನ ಕೈಯಿಂದ, ನನ್ನ ಅಪ್ಪನಿಗೆ, ದಿನವೂ ಆ ಗಂಟು ಹಾಕುತ್ತಿದ್ದೆನಲ್ಲ ಅಂತ, ನೀರು ಬರುವುದನ್ನೂ ಕಾಯದೆ ಎದ್ದು ಬಂದೆ.

ಹೊರಗೆ ಜಗಲಿಯ ಮೇಲೆ ಕೋಲು ಊರಿಕೊಂಡು ಒಬ್ಬ ಅಜ್ಜಿ ಬಂದು ನಿಂತಿದ್ದಳು. ಯಡಿಯೂರಿಗೆ ಹೋಗಿದ್ದ ಅಜ್ಜಿ.

“ನೀನೇಯೇನವ್ವ, ನಮ್ ಕುರ್ಚಿ ತಗಂಡೋದೋಳು?”

“ಹೌದಜ್ಜಿ. ನಂಗೊತ್ತಿರ್ಲಿಲ್ಲ.”

“ನಮ್ಮೊಮ್ಮಗ ಹೇಳ್ಲಿಲ್ಲ. ಹೊಸಾ ಹೆಂಡ್ತಿ ಹೆದ್ರತಾಳಂತೆ! ನಾನು ಆ ಕುರ್ಚಿ ಇದ್ದ ಮನೇಲಿ ಅರವತ್ತೊರ್ಸ ಬಾಳಿಲ್ವಾ?” ಕೋಲಿನಿಂದ ನೆಲ ಕುಟ್ಟಿದಳು. “ಈಗ ಯಾರು ಕುಂತವ್ರೆ ಅದ್ರಲ್ಲಿ?”

“ನಮ್ಮಪ್ಪ.”

“ಯಾವತ್ ಹೋದ್ರು?”

“ಇಲ್ಲಜ್ಜಿ. ಇದಾರೆ. ಮಲಗಿದ್ರೆ ಉಸಿರು ಕಟ್ಟುತ್ತೆ. ಅದರಲ್ಲೇ ನಿದ್ದೆ ಮಾಡ್ತಾರೆ.”

ಅಜ್ಜಿ ನನ್ನನ್ನೇ ನೋಡಿದಳು. “ನಿದ್ದೆ ಚೆನ್ನಾಗ್ ಬತ್ತದಾ?”

“ಚೆನ್ನಾಗಿ ಬರುತ್ತೆ.”

“ಊಂ. ಬತ್ತದೆ.” ಕೋಲಿನ ಮೇಲೆ ಎರಡೂ ಕೈ ಇಟ್ಟು ಹೇಳಿದಳು, “ನೋಡವ್ವ, ಜೀವ ಇರೋರನ್ನ ಎಬ್ಬಿಸ್ಕಂಡು ಬಾ ಅನ್ನೋಕೆ ನನ್ ಬಾಯಲ್ಲಿ ಬರಲ್ಲ. ಇಟ್ಕಾ. ಆದ್ರೆ ಈ ಬೀದೀಲಿ ಯಾರಾರ ಹೋದ್ರೆ ಬತ್ತೀವಿ. ಆವತ್ತು ಇಲ್ಲ ಅನ್ನಬ್ಯಾಡ. ನನ್ ಗಂಡ ಅದ್ರಲ್ಲಿ ಕುಂತೇ ಹೋಗಿದ್ದು, ನಮ್ಮತ್ತೇನೂ ಅದ್ರಲ್ಲೇ. ನಾನೂ ನೆಲದ ಮ್ಯಾಲೆ ಕುಂತ್ಕಳಾಕಿಲ್ಲ.”

‘ಆಗಲಿ’ ಅಂದೆ. ಅನ್ನದೆ ಏನು ಮಾಡಲಿ?

ಮನೆಗೆ ಬಂದವಳು ಅಪ್ಪನಿಗೆ ಏನೂ ಹೇಳದೆ, ‘ಹುಳ ಬಿದ್ದಿದೆ, ಬಿಸಿಲಿಗಿಡಬೇಕು’ ಅಂತ ಕುರ್ಚಿಯನ್ನು ಹಿತ್ತಲಿಗೆ ಸಾಗಿಸಿದೆ. ಬೇರೆ ಕುರ್ಚಿಗೆ ದಿಂಬು ಕಟ್ಟಿ ಕೂರಿಸಿದೆ. ಎರಡೇ ದಿನಕ್ಕೆ ಅಪ್ಪನ ತುಟಿ ನೀಲಿಯಾಯಿತು. ಮೂರನೆಯ ದಿನ ತಾವೇ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ ಕುರ್ಚಿ ಹತ್ತಿ ಕೂತರು. ನಾನು ಅತ್ತುಕೊಂಡು ಎಲ್ಲ ಹೇಳಿದೆ.

“ಗೊತ್ತು ಕಣೇ,” ಅಂದರು. “ಬಳೆ ನೋಡಿದಾಗಲೇ ಗೊತ್ತಾಯ್ತು. ತಾಲ್ಲೂಕು ಕಚೇರಿಯೋನು ನಾನು, ಎಷ್ಟು ಸಾವಿನ ಮನೆ ನೋಡಿಲ್ಲ?”

“ಮತ್ತೆ ಯಾಕಪ್ಪ ಕೂತ್ರಿ?”

“ಬೇರೆ ಕುರ್ಚಿ ಎಲ್ಲಾ, ತಮ್ಮ ಮೈನ ತಾವೇ ಹಿಡ್ಕೊಳ್ಳೋರಿಗೆ ಮಾಡಿರೋದು. ಕೈಲಾಗದೋರನ್ನ ಹಿಡ್ಕೊಳ್ಳೋದು ಇದೊಂದೇ. ಅವರಿಗೆ ನೆಟ್ಟಗೆ ಕೂರಕ್ಕೆ ಕೊಟ್ಟಿದ್ದು ನಂಗೆ ಉಸಿರು ಕೊಡ್ತಿದೆ. ಅದರಲ್ಲಿ ಹೆದರೋದೇನು?” ಆಮೇಲೆ ಮೆಲ್ಲಗೆ, “ಪಟ್ಟಿ ಕಟ್ಟು,” ಅಂದರು.

ಕಟ್ಟಿದೆ. ಮುಂದಿನ ಎರಡು ವರ್ಷ ದಿನಾ ಕಟ್ಟಿದೆ.

ಗುಬ್ಬಿಯವರು ಮಾತಿನಂತೆ ಬಂದರು. ಮೊದಲ ಸಲ ಎಂಬತ್ತರ ದಶಕ ಶುರುವಾದ ವರ್ಷ, ಒಂದು ಬೆಳಿಗ್ಗೆ. ಗೇಟಿನ ಹೊರಗೆ ತೆಂಗಿನಕಾಯಿ ಲಾರಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡ ಇಬ್ಬರು. “ಕುರ್ಚಿ ಬೇಕಾಗಿತ್ತು ಕಣವ್ವ,” ಅಂದರು, ಅಷ್ಟೆ. ಯಾರು ಹೋದರು ಅಂತ ಅಪ್ಪನೇ ವಿಚಾರಿಸಿ, ಇಳಿದು, ಕಿಟಕಿಯ ಸರಳು ಹಿಡಿದುಕೊಂಡು ನಿಂತರು. ಅವರು ಕುರ್ಚಿ ಹೊತ್ತುಕೊಂಡು ಹೋದರು. ಅದು ತಿರುಗಿ ಬರುವವರೆಗೆ ನಾನು ಮಂಚದ ಮೇಲೆ ಅಪ್ಪನ ಹಿಂದೆ ಕೂತು, ಅವರ ಬೆನ್ನನ್ನು ನನ್ನ ಎದೆಗೆ ಆನಿಸಿಕೊಂಡಿದ್ದೆ. ಮರುದಿನ ಸಂಜೆ ಕುರ್ಚಿ ಬಂತು. ತೊಳೆದು ತಂದಿದ್ದರು, ಒದ್ದೆ ಮರ, ವಿಭೂತಿಯ ವಾಸನೆ, ಒಂದು ಬಳೆಯಲ್ಲಿ ಸಿಕ್ಕಿಕೊಂಡ ಸೇವಂತಿಗೆ ಎಸಳು. ಅಪ್ಪ ಎಸಳನ್ನು ಬಿಡಿಸಿ ಕಿವಿಯ ಮೇಲಿಟ್ಟುಕೊಂಡು ಕೂತರು. ಇನ್ನೊಂದು ಸಲವೂ ಹೀಗೇ ಆಯಿತು.

ಮೂರನೆಯ ಸಲ ಬಂದವನು ಅಜ್ಜಿಯ ಮೊಮ್ಮಗ, ಕುರ್ಚಿ ಮಾರಿದವನು. ಗೇಟಿನ ಒಳಗೆ ಬರಲಿಲ್ಲ.

“ಅಜ್ಜಿ ಹೋಯ್ತು ಮೇಡಂ.”

ಆ ವಾರ ಅಪ್ಪನ ಸ್ಥಿತಿ ಕೆಟ್ಟಿತ್ತು. ಕಾಲು ಊದಿತ್ತು. ಕುರ್ಚಿಯಿಂದ ಇಳಿಸಿ ಬಟ್ಟೆ ಬದಲಿಸುವುದೇ ಕಷ್ಟ. ಡಾಕ್ಟರು ಅಲುಗಿಸಬೇಡಿ ಅಂದಿದ್ದರು. ನನ್ನವರು ಬಾಗಿಲಿಗೆ ಅಡ್ಡ ನಿಂತರು. “ಸಾಧ್ಯವಿಲ್ಲ ಕಣಪ್ಪ. ಇಲ್ಲಿ ಜೀವ ಇದೆ. ಬೇರೆ ಕುರ್ಚಿ ಒಂಬತ್ತಿದೆ, ಯಾವುದು ಬೇಕೋ ತಗೊಂಡು ಹೋಗು.”

ಆತ ಹೋಗಲಿಲ್ಲ. ತಲೆ ತಗ್ಗಿಸಿ ನಿಂತಿದ್ದ. ಆಗಲಿ ಅಂದವಳು ನಾನು.

“ಯಾರು ಹೋದ್ರು?” ಅಂದರು ಅಪ್ಪ ಒಳಗಿನಿಂದ.

“ಯಾರೂ ಇಲ್ಲಪ್ಪ, ಮಲಕ್ಕೊಳ್ಳಿ.”

“ಅಜ್ಜೀನಾ?”

ನಾನು ಹೋಗಿ ಅವರ ಎದೆಯ ಪಟ್ಟಿ ಸರಿಮಾಡಿದೆ.

“ಎಬ್ಬಿಸೇ,” ಅಂದರು. “ಆಕೆ ಎರಡು ವರ್ಷ ನಂಗೆ ಬಿಟ್ಟುಕೊಟ್ಟಿದ್ದಾಳೆ. ಆಕೇನ ನೆಲದ ಮೇಲೆ ಕೂರಿಸ್ತೀಯಾ?”

“ನಿಮಗೇನಾದ್ರೂ ಆದ್ರೆ?”

“ನಂಗೆ ನೀನಿದೀಯಲ್ಲ.”

ನಾವಿಬ್ಬರೂ ಸೇರಿ ಅವರನ್ನು ಎತ್ತಿದೆವು. ಗಂಟು ಬಿಚ್ಚಿದೆ, ಅಷ್ಟೆ; ಪಟ್ಟಿಯನ್ನು ಬಳೆಯಿಂದ ಎಳೆದುಕೊಳ್ಳಬೇಕೆಂದು ಆ ಗಾಬರಿಯಲ್ಲಿ ಹೊಳೆಯಲಿಲ್ಲ. ಮಂಚದ ಮೇಲೆ ಅವರ ಹಿಂದೆ ಕೂತು ಎರಡೂ ತೋಳು ಸುತ್ತಿ ಹಿಡಿದೆ. ಹೊರಗೆ ಲಾರಿ ಹೊರಟ ಸದ್ದು ಕೇಳಿಸಿತು. ಅಪ್ಪ ತಮ್ಮ ಅಂಗೈಗಳನ್ನು ನನ್ನ ಮೊಣಕೈಗಳ ಮೇಲೆ ಊರಿದರು, ಪಾರ್ಲರಿನಲ್ಲಿ ಊರುತ್ತಿದ್ದ ಹಾಗೆ. ಅವರ ಉಸಿರು ನನ್ನ ಎದೆಯ ಮೇಲೆ ಏರಿ ಇಳಿಯುವುದನ್ನು ಎಣಿಸುತ್ತಿದ್ದೆ. ನಾಲ್ಕು ಗಂಟೆಯ ಬಿಸಿಲು ಇನ್ನೂ ಕಿಟಕಿಯಲ್ಲಿತ್ತು. ಒಂದು ಸಲ ಏರಿದ್ದು ಇಳಿಯಿತು, ಮತ್ತೆ ಏರಲಿಲ್ಲ. ಅವರ ಅಂಗೈ ಮಾತ್ರ ಬಹಳ ಹೊತ್ತು ಬೆಚ್ಚಗಿತ್ತು. ‘ಬಿಡು’ ಅಂತ ನನ್ನವರು ಹೇಳುವವರೆಗೂ ನಾನು ಹಿಡಿದೇ ಇದ್ದೆ.

ನಮ್ಮಲ್ಲಿ ಹೋದವರನ್ನು ಮಲಗಿಸುತ್ತಾರೆ. ಎರಡು ವರ್ಷದ ನಂತರ ಅಪ್ಪ ಮೊದಲ ಸಲ ಅಂಗಾತ ಮಲಗಿದರು. ‘ತಲೆ ಎತ್ತರಕ್ಕಿಡಿ, ಉಸಿರು ಕಟ್ಟುತ್ತೆ’ ಅಂತ ನಾನು ಕೂಗಿದೆನಂತೆ. ನನಗೆ ನೆನಪಿಲ್ಲ.

ಮರುದಿನ ಕುರ್ಚಿ ತಂದ ಮೊಮ್ಮಗ ನಮ್ಮ ಗೇಟಿನ ಹತ್ತಿರ ಉರಿಯುತ್ತಿದ್ದ ಬೆಂಕಿ ನೋಡಿ ಲಾರಿಯಿಂದ ಇಳಿಯಲೇ ಇಲ್ಲ. ಹಾಗೇ ವಾಪಸ್ ತೆಗೆದುಕೊಂಡು ಹೋಗು ಅಂತ ಹೇಳಿ ಕಳಿಸಿದೆ. ಆಮೇಲೆ ಎಷ್ಟೋ ದಿನ ಹಜಾರದಲ್ಲಿ ಆ ಖಾಲಿ ಜಾಗವನ್ನು ಸುತ್ತಿ ಬಳಸಿಕೊಂಡೇ ನಾವು ಓಡಾಡುತ್ತಿದ್ದೆವು.

ಅಪ್ಪನನ್ನು ಎಬ್ಬಿಸದೆ ಇದ್ದಿದ್ದರೆ ಇನ್ನೆಷ್ಟು ದಿನ ಇರುತ್ತಿದ್ದರೋ ಅಂತ ಇವತ್ತಿಗೂ ಲೆಕ್ಕ ಹಾಕುತ್ತೇನೆ.

ವರ್ಷ ಕಳೆದ ಮೇಲೆ ಒಂದು ಸಲ ಗುಬ್ಬಿಗೆ ಹೋದೆ. ಮೊಮ್ಮಗನ ಹೆಂಡತಿ, ಬಾಗಿಲ ಹಿಂದೆ ನಿಲ್ಲುತ್ತಿದ್ದ ಹುಡುಗಿ, ಈಗ ಕೈಕೂಸು ಎತ್ತಿಕೊಂಡು ತಾನೇ ಒಳಗೆ ಕರೆದಳು. ಕುರ್ಚಿ ಅಟ್ಟ ಸೇರಿತ್ತು. ಅಜ್ಜಿಯ ಫೋಟೋ ಗೋಡೆಯ ಮೇಲಿತ್ತು, ಹೊಸದು, ಕಲರ್ ಫೋಟೋ. ಹಣೆಯ ತುಂಬ ವಿಭೂತಿ, ಮುಚ್ಚಿದ ಕಣ್ಣು, ಮಡಿಲಲ್ಲಿ ಅಂಗೈ, ಕೋಲಿನಷ್ಟು ನೆಟ್ಟಗೆ ಕೂತಿದ್ದಳು. ಅವಳ ಎದೆಯ ಮೇಲೆ ಹಾದುಹೋಗಿದ್ದ ಪಟ್ಟಿಗೆ ಕೆಂಪು ಅಂಚಿತ್ತು. ನನ್ನಪ್ಪನ ಪಂಚೆ.

“ಅದೇ ಇತ್ತು ಬಳೇಲಿ, ಅದ್ರಲ್ಲೇ ಕಟ್ಟಿದ್ರು ಆಂಟಿ,” ಅಂದಳು ಹುಡುಗಿ. ಆಮೇಲೆ ದನಿ ತಗ್ಗಿಸಿದಳು. “ಇದೊಂದು ಫೋಟೋದಲ್ಲೇ ಯಾಕೋ ಹಿಂಗೆ ಬಿದ್ದಿದೆ. ನೋಡಿ ಇಲ್ಲಿ.”

ಬೆರಳಿಟ್ಟು ತೋರಿಸಿದಳು. ಅಜ್ಜಿಯ ಎರಡು ಪಕ್ಕದಲ್ಲಿ, ಅವಳ ಅಂಗೈ ಮುಟ್ಟದ ಕುರ್ಚಿಯ ಕೈಗಳ ತುದಿಯಲ್ಲಿ, ಕ್ಯಾಮೆರಾದ ಫ್ಲ್ಯಾಶ್ ಹೊಡೆದು ಎರಡು ಅಂಗೈಯಗಲದ ಹೊಳಪು.

“ಸ್ಟುಡಿಯೋದವನು ಫಿಲಂ ತಪ್ಪಾಗಿ ತೊಳೆದಿದಾನೆ ಅಂತಾರೆ,” ಅಂದಳು.

ನಾನು ಗಾಜಿನ ಮೇಲೆ ಕೈಯಿಟ್ಟು, ಆ ಜಾಗವನ್ನು ಮುಟ್ಟಿ ನೋಡಿದೆ.